ವೆಬ್‌ಸೈಟಿನ ಎತ್ತು ಗೋಣು ಹಾಕಲಿಲ್ಲ

ಮೊನ್ನೆ ಮಂಗಳವಾರ ಬೆಳಿಗ್ಗೆ ನರಗುಂದದ ಒಂದು ಅಡತಿ ಅಂಗಡಿಯ ವೆಬ್‌ಸೈಟಿನಲ್ಲಿ ಎತ್ತು ಹೂಂ ಎಂದು ಗೋಣು ಹಾಕಲಿಲ್ಲ. ಸುದ್ದಿ ಹಬ್ಬಲು ತಡವಾಗಲಿಲ್ಲ. ಅಸೂಟಿಯಲ್ಲಿ ಹೆಸರುಕಾಳಿನ ಚೀಲ ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರ್ ಹೊರಡಲಿಲ್ಲ. ಲಕ್ಕಲಕಟ್ಟಿಯಲ್ಲಿ ಒಬ್ಬರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ರೋಣದಲ್ಲಿ ನಾನು ಹಲ್ಲುಜ್ಜುತ್ತಿದ್ದಾಗ ಮೊದಲ ಫೋನು ಬಂತು.

"ಸರ, ಎತ್ತಿಗೆ ಏನಾತ್ರಿ?"

"ಏನಾಗೇತ್ರಿ?"

"ಸುಮ್ನ ನಿಂತೈತ್ರಿ. ಮಾರಿ ಸಣ್ಣ ಮಾಡೇತಿ."

ಬಾಯಿ ತೊಳೆದುಕೊಂಡು ನೋಡಿದೆ. ಎತ್ತು ನಿಂತಿದ್ದು ನಿಜ. ಮಾರಿ ಸಣ್ಣ ಮಾಡಿರಲಿಲ್ಲ. ಅವರ ಫೋನೇ ಸಣ್ಣದು.

ಇಂಥ ಆಪತ್ತುಗಳು ನನಗೆ ಹೊಸವಲ್ಲ. ರೋಣದ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಸುತ್ತಲಿನ ವ್ಯಾಪಾರಸ್ಥರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಉದ್ಯೋಗ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳು ಅನೇಕ ವಿಷಯಗಳಲ್ಲಿ ಒಂದಕ್ಕೊಂದು ಒಪ್ಪುವುದಿಲ್ಲ. ಆದರೆ ಪರದೆಯ ಮೇಲೆ ಅಲ್ಲಾಡದೆ ಇರುವುದು ಕೆಟ್ಟಿದೆ ಎಂಬ ವಿಷಯದಲ್ಲಿ ಮೂರರದೂ ಒಮ್ಮತವಿದೆ. ಅಕ್ಷರ ಮಿನುಗಬೇಕು, ಹೂವು ಉದುರಬೇಕು, ಫೋಟೊ ತಿರುಗಬೇಕು. ನಿಂತಲ್ಲೇ ನಿಂತ ಪುಟ ತೋರಿಸಿದರೆ, "ಇನ್ನೂ ಚಾಲೂ ಮಾಡಿಲ್ಲೇನ್ರಿ?" ಎಂದು ಕೇಳುತ್ತಾರೆ.

ಒಂದು ಎತ್ತು ಗೋಣು ಹಾಕದಿದ್ದರೆ ಟ್ರ್ಯಾಕ್ಟರ್ ಏಕೆ ನಿಲ್ಲಬೇಕು ಎಂಬುದು ತಿಳಿಯಬೇಕಾದರೆ ಆ ಎತ್ತಿನ ಪೂರ್ವಾಪರ ಹೇಳಬೇಕಾಗುತ್ತದೆ.

ಡುಬ್ಬವಿಲ್ಲದ ಎತ್ತು

ನರಗುಂದದ ಸಾವ್ಕಾರರದು ಅಜ್ಜನ ಕಾಲದ ಅಡತಿ ಅಂಗಡಿ. ರೈತರು ಕಾಳು ತಂದು ಇಳಿಸುತ್ತಾರೆ, ಸಾವ್ಕಾರರು ನಿಂತು ಮಾರಿಸಿಕೊಡುತ್ತಾರೆ. ಹೋದ ವರ್ಷ ಅವರು ನನ್ನನ್ನು ಕರೆಸಿದಾಗ ಗಾದಿಯ ಮೇಲೆ ಒಂದು ಕೈ ತಲೆಗೆ ಹಚ್ಚಿ ಕೂತಿದ್ದರು. ಎದುರಿನ ಅಂಗಡಿಯವನು ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಧಾರಣೆ ಬರೆದು, ಅದರ ಫೋಟೊ ತೆಗೆದು ಊರೂರಿಗೆ ವಾಟ್ಸಾಪ್ ಮಾಡುತ್ತಿದ್ದ. ರೈತರು ಹೊಲದಲ್ಲೇ ಧಾರಣೆ ನೋಡಿ, ಒಪ್ಪಿಗೆಯಾದರೆ ಹೇರಿಕೊಂಡು ಸೀದಾ ಅವನ ಅಂಗಡಿಗೆ ಹೋಗುತ್ತಿದ್ದರು. ಒಮ್ಮೆ ಹೇರಿದ ಮಾಲು ತಿರುಗಿ ಮನೆಗೆ ತರುವುದು ನಮ್ಮ ಕಡೆ ಮದುವೆ ಮುರಿದುಕೊಂಡು ಬಂದಷ್ಟೇ ಅವಮಾನ. ಹಾಗಾಗಿ ಧಾರಣೆ ಮೊದಲೇ ತಿಳಿಯುವುದು ದೊಡ್ಡ ಅನುಕೂಲ.

ಹೋದವರಲ್ಲಿ ಅಸೂಟಿಯ ಯಜಮಾನರೂ ಇದ್ದರು. ಅವರ ಅಪ್ಪ, ಅಜ್ಜ ಎಲ್ಲರೂ ಸಾವ್ಕಾರರ ಅಂಗಡಿಯಲ್ಲೇ ಕಾಳು ಇಳಿಸಿದವರು.

"ನಮ್ಮ ಅಂಗಡಿ ಮುಂದ ಹಾದ್ರು ತಮ್ಮಾ," ಎಂದರು ಸಾವ್ಕಾರರು. "ಟ್ರ್ಯಾಕ್ಟರ್ ಮ್ಯಾಲ ಕುಂತ ನನಗ ನಮಸ್ಕಾರ ಮಾಡಿದ್ರು. ಮಾಡಿ, ಎದುರಿನ ಅಂಗಡ್ಯಾಗ ಕಡ್ಲಿ ಇಳಿಸಿದ್ರು. ಬೈದು ಹೋಗಿದ್ರ ತಡಕೋತಿದ್ದೆ. ನಮಸ್ಕಾರ ಮಾಡ್ಯಾರಲ್ಲ!"

ಮುಂದಿನ ಹೆಸರುಕಾಳಿನ ಸುಗ್ಗಿಯೊಳಗೆ ಅಸೂಟಿಯ ಯಜಮಾನರು ತಿರುಗಿ ಬರಬೇಕು. ಇದಕ್ಕೆ ವೆಬ್‌ಸೈಟ್ ಬೇಕು. ಇಷ್ಟೇ ಬೇಡಿಕೆ.

ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ಸೊಸೆ ಅಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. "ಅದಕ್ಕೇನ್ರಿ ಮಾವಾರ, ಒಂದು ಪುಟ, ಅದರ ಮ್ಯಾಲ ಇವತ್ತಿನ ಧಾರಣಿ. ದಿನಾ ಮುಂಜಾನೆ ನಾ ಹಾಕ್ತೀನಿ. ಸಾಕಲ್ರಿ?"

"ಅದನ್ನ ಎದುರಿನಾಂವ ಹಲಗಿ ಮ್ಯಾಲ ಮಾಡ್ಯಾನ. ನಾವೂ ಅದನ್ನ ಮಾಡಿದ್ರ ಅವಗ ನಮಗ ಫರಕ ಏನ ಉಳೀತು? ನಮ್ಮದು ಅಲ್ಲಾಡಬೇಕು."

"ಏನು ಅಲ್ಲಾಡಬೇಕ್ರಿ?" ಎಂದೆ ನಾನು.

ಸಾವ್ಕಾರರು ತಲೆಯಿಂದ ಕೈ ತೆಗೆದರು. "ಎತ್ತು."

ಇಂಟರ್‌ನೆಟ್ಟಿನಲ್ಲಿ ನಡೆಯುವ ಎತ್ತು ತಯಾರಾಗಿಯೇ ಸಿಗುತ್ತದೆ. ಒಂದನ್ನು ತಂದು ಪುಟದ ಎಡಗಡೆಯಿಂದ ಬಲಗಡೆಗೆ ಬಿಟ್ಟೆ. ಅದು ಗಂಭೀರವಾಗಿ ನಡೆಯಿತು. ಸಾವ್ಕಾರರು ಖುಷಿಯಾದರು. ಸಂಜೆಯೊಳಗೆ ಅಂಗಡಿಗೆ ಬಂದ ರೈತರೆಲ್ಲರಿಗೂ ತೋರಿಸಿದರು. ಅಸೂಟಿಗೂ ಕಳಿಸಿದರು. ಅಸೂಟಿಯ ಯಜಮಾನರ ಉತ್ತರ ಕೂಡಲೇ ಬಂತು.

"ಸಾವ್ಕಾರ್ರ, ಎತ್ತಿಗೆ ಡುಬ್ಬ ಇಲ್ಲಲ್ರಿ. ನೊಗಾ ಎಲ್ಲೆ ಇಡ್ತೀರಿ?"

ನೋಡಿದರೆ ಹೌದು. ಅದು ಯಾವುದೋ ತಂಪು ದೇಶದ ಎತ್ತು. ಬೆನ್ನು ಮೇಜಿನಂತೆ ಸಪಾಟಾಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಎತ್ತು ಒಂದೇ ಇತ್ತು. ಜೋಡಿ ಇಲ್ಲದ ಎತ್ತು ನೋಡಿದರೆ ನಮ್ಮ ಕಡೆ ಮನಸ್ಸಿಗೆ ಬರುವ ಪ್ರಶ್ನೆ ಒಂದೇ. ಮೂರನೆಯ ದಿನ ಗಜೇಂದ್ರಗಡದಿಂದ ಸಾವ್ಕಾರರ ಹೆಂಡತಿಯ ತಮ್ಮ ಫೋನು ಮಾಡಿ, ಬಹಳ ಹೊತ್ತು ಮಳೆಬೆಳೆ ಮಾತಾಡಿ, ಕೊನೆಗೆ ದನಿ ಇಳಿಸಿ ಕೇಳಿದನಂತೆ: "ಭಾವಾರ, ಎತ್ತು ಮಾರೂ ಅಂಥಾ ಅಡಚಣಿ ಏನ ಬಂತ್ರಿ? ನಾವಿಲ್ಲೇನು?"

ಬಾಲ ಎತ್ತಿದ್ದು

ಸಾವ್ಕಾರರು ಮರ್ಯಾದೆ ಉಳಿಸಿಕೊಳ್ಳಲು ತಮ್ಮ ಹೊಲದ ಎತ್ತನ್ನೇ ವಿಡಿಯೊ ಮಾಡಲು ಹೇಳಿದರು. ಡುಬ್ಬವಿರುವ, ಕೊಂಬು ಹೆರೆಸಿ ಬಣ್ಣ ಹಚ್ಚಿದ, ಕೊರಳಲ್ಲಿ ಗಂಟೆಸರ ಕಟ್ಟಿದ ಬಿಳಿ ಎತ್ತು. ಜೋಡಿಯನ್ನೂ ಪಕ್ಕದಲ್ಲಿ ನಿಲ್ಲಿಸಿದ್ದೆವು. ಅದರ ಅರ್ಧ ಮುಖವಾದರೂ ಬರಬೇಕು, ಮಾರಿಲ್ಲ ಎಂದು ಗಜೇಂದ್ರಗಡಕ್ಕೆ ಗೊತ್ತಾಗಬೇಕು ಎಂದು ಸಾವ್ಕಾರರ ಅಪ್ಪಣೆ.

ಕ್ಯಾಮೆರಾ ಚಾಲೂ ಇದ್ದಾಗ ಎತ್ತು ನಿಲ್ಲುತ್ತಿತ್ತು. ಬಂದ್ ಮಾಡಿದರೆ ನಡೆಯುತ್ತಿತ್ತು. ಕೊನೆಗೆ ಅದಕ್ಕೆ ತಿಳಿಯದಂತೆ ಬೇಲಿಯ ಸಂದಿಯಿಂದ ವಿಡಿಯೊ ತೆಗೆದೆ. ನಾಲ್ಕು ಹೆಜ್ಜೆ ಚೆಂದಾಗಿ ನಡೆಯಿತು, ಗೋಣು ಒಮ್ಮೆ ಮೇಲೆ ಕೆಳಗೆ ಮಾಡಿತು, ನಿಂತಿತು, ಬಾಲ ಎತ್ತಿತು.

ಬಾಲ ಎತ್ತಿದ ಭಾಗವನ್ನು ಕತ್ತರಿಸುತ್ತೇನೆ ಎಂದೆ. ಸಾವ್ಕಾರರು ಒಪ್ಪಲಿಲ್ಲ. ಸಗಣಿ ಎಂದರೆ ಲಕ್ಷ್ಮಿ, ಬೆಳಿಗ್ಗೆ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಬಿದ್ದರೆ ಶುಭ ಎಂಬುದು ಅವರ ವಾದ. ಆದರೆ ವೆಬ್‌ಸೈಟಿನಲ್ಲಿ ವಿಡಿಯೊ ಒಮ್ಮೆ ಮುಗಿದರೆ ತಾನೇ ತಾನಾಗಿ ಮತ್ತೆ ಶುರುವಾಗುತ್ತದೆ ಎಂಬುದನ್ನು ಅವರು ಗಮನಿಸಿರಲಿಲ್ಲ. ಎತ್ತು ನಡೆದು ಬಂದು ಶುಭ ಮಾಡುವುದು, ಮತ್ತೆ ನಡೆದು ಬಂದು ಶುಭ ಮಾಡುವುದು, ಬೆಳಗಿನಿಂದ ಸಂಜೆಯವರೆಗೆ ಇದೇ ನಡೆಯಿತು. ಪುಟ ತೆರೆದಿಟ್ಟು ಊಟಕ್ಕೆ ಹೋಗಿ ಬಂದರೂ ಎತ್ತು ಕೆಲಸದಲ್ಲೇ ಇರುತ್ತಿತ್ತು.

ಸೊಸೆ ಕಂಪ್ಯೂಟರಿನಿಂದ ಮುಖ ಎತ್ತದೆ ಕೇಳಿದರು: "ಮಾವಾರ, ಇದನ್ನ ಬಳಿಯಾಕ ಯಾರ್ನರ ಒಬ್ಬರನ್ನ ಪಗಾರ ಮ್ಯಾಲ ಇಡೋಣೇನ್ರಿ?"

ಮೊದಲು ನೀರು

ಆ ಭಾಗ ಕತ್ತರಿಸಿದ ಮೇಲೆ ಎತ್ತಿನ ತಂಟೆ ಮುಗಿಯಿತು ಎಂದುಕೊಂಡಿದ್ದೆ. ಸಾವ್ಕಾರರು ಇನ್ನೊಂದು ಲೋಪ ಹುಡುಕಿದರು.

"ತಮ್ಮಾ, ಮನುಷ್ಯಾ ಬಂದ ಕೂಡ್ಲೇ ಧಾರಣಿ ಹೇಳೂದು ಯಾವ ರಿವಾಜು? ನಮ್ಮ ಅಜ್ಜನ ಕಾಲದಿಂದ ಈ ಅಂಗಡ್ಯಾಗ ನೀರು ಕುಡೀದ ಧಾರಣಿ ಕೇಳಿದಾಂವ ಒಬ್ಬಾಂವ ಇಲ್ಲ. ಮೊದ್ಲ ನೀರು. ಆಮ್ಯಾಲ ಮಾತು."

ಮಾತು ಖರೆ. ನಮ್ಮ ಕಡೆ ಬಾಗಿಲಿಗೆ ಬಂದವನು ವೈರಿಯಾದರೂ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುತ್ತಾರೆ. ಜಗಳ ಅದರ ನಂತರ. ಈ ರಿವಾಜನ್ನು ವೆಬ್‌ಸೈಟಿನಲ್ಲೂ ಪಾಲಿಸಬೇಕೆಂದು ತೀರ್ಮಾನವಾಯಿತು. ಪುಟ ತೆರೆದ ಕೂಡಲೇ ತಾಮ್ರದ ತಂಬಿಗೆ ಕಾಣಬೇಕು. ಮೇಲಿನಿಂದ ನೀರು ಬಿದ್ದು ಅದು ಕಂಠದವರೆಗೆ ತುಂಬಬೇಕು. ತುಂಬಿದ ಮೇಲೆ "ಬರ್ರಿ, ಕೂಡ್ರಿ" ಎಂಬ ಅಕ್ಷರ. ಆಮೇಲೆ ಎತ್ತು. ಎತ್ತು ಹಾದುಹೋದ ಮೇಲೆ ಧಾರಣೆ.

ಅವಸರದಲ್ಲಿರುವವರಿಗೆ ಮೂಲೆಯಲ್ಲಿ "ನೀರು ಬೇಡ" ಎಂಬ ಒಂದು ಬಟನ್ ಇಡೋಣ ಎಂದೆ.

"ನೀರು ಬ್ಯಾಡ ಅಂದಾಂವ ನಮ್ಮ ಅಂಗಡಿಗೆ ಯಾಕ ಬರಬೇಕು?" ಎಂದರು. ಬಟನ್ ಬರಲಿಲ್ಲ.

ತಂಬಿಗೆ ಬಹಳ ಸುಂದರವಾಗಿತ್ತು. ಬಿದ್ದ ಹನಿ ಒಂದೊಂದಾಗಿ ಹೊಳೆಯುತ್ತಿತ್ತು. ನನ್ನ ಕೋಣೆಯಲ್ಲಿ ಕಣ್ಣು ಮುಚ್ಚಿ ತೆರೆಯುವುದರಲ್ಲಿ ತುಂಬುತ್ತಿತ್ತು. ಹೊಲದಲ್ಲಿ ನಿಂತು ನೋಡುವವರ ಫೋನಿನಲ್ಲಿ ಅದು ಬೇಸಿಗೆಯ ನಲ್ಲಿಯ ಹಾಗೆ ಬರುತ್ತಿತ್ತು. ವಾರದೊಳಗೆ ಜನ ಅಂಗಡಿಗೆ ಬಂದು ಸಾವ್ಕಾರರಿಗೆ ಹೇಳತೊಡಗಿದರು: "ನಿನ್ನಿ ನಿಮ್ಮ ವೆಬ್‌ಸೈಟಿಗೆ ಬಂದಿದ್ನೆಲ್ರಿ. ನೀರಷ್ಟ ಕುಡದು ಎದ್ದು ಹೋದೆ."

ಇದು ಟೀಕೆ ಎಂದು ಸಾವ್ಕಾರರಿಗೆ ಹೊಳೆಯಲಿಲ್ಲ. "ಜನಾ ನೀರು ಕುಡದು ಯಾಕ ಎದ್ದು ಹೋಗ್ತಾರ?" ಎಂದು ಸೊಸೆಯನ್ನು ಕೇಳಿದರು.

"ಚಹಾ ಕೊಡಲಿಲ್ಲಂತ ಸಿಟ್ಟಾಗಿರಬೇಕ್ರಿ ಮಾವಾರ," ಎಂದರು ಸೊಸೆ.

ಅದೇ ಸಂಜೆ ನನಗೆ ಫೋನು ಬಂತು. "ತಮ್ಮಾ, ನೀರಿನ ಹಿಂದ ಒಂದು ಕಪ್ ಚಹಾ ಹಾಕು. ಬಸಿ ಸಹಿತ. ಹೊಗಿ ಆಡ್ತಿರಬೇಕು."

ಗಜೇಂದ್ರಗಡದ ಗಾಳಿ

ಇದೇ ಹೊತ್ತಿಗೆ ಗಜೇಂದ್ರಗಡದಲ್ಲಿ ಸೀರೆ ಅಂಗಡಿ ನಡೆಸುವ ಒಬ್ಬ ಅಕ್ಕನವರು ನರಗುಂದದ ಎತ್ತನ್ನು ನೋಡಿದರು. ಕಾಳಿನ ಅಂಗಡಿಯಲ್ಲೇ ಎತ್ತು ಅಡ್ಡಾಡುತ್ತಿರುವಾಗ ತಮ್ಮ ಕೈಮಗ್ಗದ ಸೀರೆ ಸುಮ್ಮನೆ ಕೂತಿರುವುದು ಅವರಿಗೆ ಸರಿ ಕಾಣಲಿಲ್ಲ.

"ಅಣ್ಣಾರ, ನಮ್ಮೂರ ಗುಡ್ಡದ ಮ್ಯಾಲ ಅಷ್ಟು ದೊಡ್ಡ ಗಾಳಿ ಪಂಕಾ ತಿರಗತಾವ. ನಮ್ಮ ಸೀರಿ ಒಂದೀಟು ಹಾರಬಾರದೇನ್ರಿ?"

ಹಾರಿಸಿದೆ. ಪುಟದ ತುಂಬ ಸೀರೆಗಳು ಬಾವುಟದಂತೆ ಪಟಪಟನೆ ಹಾರಿದವು. ಅಕ್ಕನವರಿಗೆ ಹಬ್ಬವಾಯಿತು. ಗಿರಾಕಿಗಳಿಗೆ ಕಷ್ಟವಾಯಿತು. ಹೆಣ್ಣುಮಕ್ಕಳು ಸೀರೆಯಲ್ಲಿ ಮೊದಲು ನೋಡುವುದು ದಡಿ, ಆಮೇಲೆ ಸೆರಗು. ಎರಡೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ರೋಣದ ಒಬ್ಬ ಗಿರಾಕಿಯಂತೂ ಹಾರುವ ಸೆರಗನ್ನು ಫೋನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು, "ಯವ್ವಾ, ನೀ ಆ ಕಡೆ ಒಂದು ಬೆರಳು ಇಡು" ಎಂದು ತಾಯಿಯನ್ನು ಕರೆದಳಂತೆ.

ಎರಡನೆಯ ದಿನ ಅಕ್ಕನವರ ಫೋನು ಬಂತು. "ಗಾಳಿ ಸ್ವಲ್ಪ ಕಡಿಮಿ ಮಾಡ್ರಿ ಅಣ್ಣಾರ."

"ಎಷ್ಟು ಕಡಿಮಿ ಮಾಡ್ಲಿ?"

"ಫ್ಯಾನು ಒಂದರ ಮ್ಯಾಲ ಇಟ್ಟಷ್ಟು."

ಇದು ಹೀಗೆ ಮುಗಿಯುವುದಲ್ಲವೆಂದು ನಾನೇ ಗಜೇಂದ್ರಗಡಕ್ಕೆ ಹೋಗಿ ಅರ್ಧ ದಿನ ಅಂಗಡಿಯಲ್ಲಿ ಕೂತೆ. ಅಕ್ಕನವರು ವ್ಯಾಪಾರ ಮಾಡುವುದನ್ನು ನೋಡಿದೆ. ಸೀರೆಗಳೆಲ್ಲ ಮಡಿಚಿದಂತೆಯೇ ಇರುತ್ತಿದ್ದವು. ಗಿರಾಕಿ ಒಂದರ ಮೇಲೆ ಕೈ ಇಡುವವರೆಗೆ ಅವರು ಕದಲುತ್ತಿರಲಿಲ್ಲ. ಕೈ ಇಟ್ಟ ಕೂಡಲೇ ಸರಕ್ಕನೆ ಸೆರಗು ಬಿಚ್ಚಿ ಹಾಸುತ್ತಿದ್ದರು. ಒಮ್ಮೆ ಮಾತ್ರ. ಹಾಸಿ ಸುಮ್ಮನಾಗುತ್ತಿದ್ದರು.

"ಎಲ್ಲಾನೂ ಯಾಕ ಬಿಚ್ಚಿ ಹಾಕೂದಿಲ್ರಿ?" ಎಂದು ಕೇಳಿದೆ.

"ಕೇಳದ ಬಿಚ್ಚಿದ್ರ ಸೀರಿಗೂ ಬೆಲಿ ಇಲ್ಲ, ಬಿಚ್ಚಿದವರಿಗೂ ಬೆಲಿ ಇಲ್ಲ, ಅಣ್ಣಾರ."

"ಮತ್ತ ವೆಬ್‌ಸೈಟಿನ್ಯಾಗ?"

ಅಕ್ಕನವರು ಫೋನು ತೆಗೆದು ಹಾರುವ ಸೀರೆ ನೋಡಿದರು. ಅಂದೇ ಗಾಳಿ ಬಂದ್ ಮಾಡಿದೆವು. ಈಗ ಅಲ್ಲಿ ಸೀರೆಗಳು ಮಡಿಚಿಕೊಂಡು ಸುಮ್ಮನಿರುತ್ತವೆ. ಬೆರಳಿಟ್ಟರೆ ಆ ಒಂದು ಸೀರೆಯ ಸೆರಗು ಬಿಚ್ಚಿಕೊಂಡು ದಡಿ ತೋರಿಸಿ ನಿಲ್ಲುತ್ತದೆ. ಬೆರಳು ತೆಗೆದರೆ ತಾನೇ ಮಡಿಚಿಕೊಳ್ಳುತ್ತದೆ. ವ್ಯಾಪಾರ ಚಲೋ ಆಯಿತು. ಅಕ್ಕನವರು ಸಂತೋಷದಿಂದ ಒಂದೇ ಒಂದು ಸುಧಾರಣೆ ಕೇಳಿದರು: "ಅಣ್ಣಾರ, ತಾನ ಮಡಚಿಕೊಳ್ಳೂದನ್ನ ಅಂಗಡ್ಯಾಗಿನ ಸೀರಿಗೂ ಕೂಡಿಸಾಕ ಬರ್ತೈತೇನ್ರಿ?"

ಲಕ್ಕಲಕಟ್ಟಿಯಲ್ಲಿ ಸನಾದಿ

ಗಜೇಂದ್ರಗಡದ ಪಾಠವನ್ನು ನರಗುಂದಕ್ಕೆ ಹೋಗಿ ವಿವರಿಸಿದೆ. ಗಿರಾಕಿ ಕೇಳಿದಾಗ, ಕೇಳಿದ್ದಷ್ಟೇ, ಒಂದು ಸಲ ಅಲ್ಲಾಡಿದರೆ ಸಾಕು ಎಂದೆ. ಸೊಸೆ ತಲೆಯಾಡಿಸಿದರು. ಸಾವ್ಕಾರರು ಕೊನೆಯವರೆಗೂ ಕೇಳಿ, "ಅದು ಸೀರಿ, ಇದು ಕಾಳು" ಎಂದು ತೀರ್ಪು ಕೊಟ್ಟು, ಸನಾದಿ ಹಾಕಲು ಹೇಳಿದರು.

ಎತ್ತು ಬರುವಾಗ ಸದ್ದಿಲ್ಲದೆ ಬರುವುದು ಅವರಿಗೆ ಕಳ್ಳ ಬಂದ ಹಾಗೆ ಕಾಣುತ್ತಿತ್ತಂತೆ. ಮದುವೆಯಲ್ಲಿ ಊದುವ ಸನಾದಿ, ಜೊತೆಗೆ ಬಡಿಯುವ ಸಂಬಾಳ. ದನಿ ನಿಲ್ಲಿಸಲು ಗಂಟೆಯ ಆಕಾರದ ಬಟನ್ ಇಟ್ಟೆ. ಗಂಟೆ ನಿಂತಿರುವುದು ಅಪಶಕುನವೆಂದು ಅದನ್ನೂ ಅಲ್ಲಾಡಿಸಿದರು. ಹೀಗಾಗಿ ದನಿ ನಿಲ್ಲಿಸಬೇಕಾದವರು ಮೊದಲು ತೂಗುವ ಗಂಟೆಗೆ ಗುರಿಯಿಡಬೇಕಿತ್ತು.

ಹೆಸರುಕಾಳು ಬಿಡಿಸುವ ದಿನಗಳು ಬಂದವು. ಅಸೂಟಿಯ ಯಜಮಾನರ ಕಣದಲ್ಲಿ ಕಾಳು ರಾಶಿಯಾಗಿತ್ತು. ಮೇಲೆ ಮೋಡ ಆಡುತ್ತಿತ್ತು. ಒಮ್ಮೆ ನೀರು ತಗುಲಿದರೆ ಹೆಸರು ಬಣ್ಣಗೆಡುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ. ಸರಿಯಾಗಿ ಆ ದಿನವೇ ಅವರು ಲಕ್ಕಲಕಟ್ಟಿಯಲ್ಲಿ ತೀರಿಕೊಂಡ ಬೀಗರ ಮನೆಗೆ ಮಾತಾಡಿಸಲು ಹೋಗಬೇಕಾಯಿತು. ಮುಂದಿನದನ್ನು ಅವರೇ ನನಗೆ ಹೇಳಿದ್ದು.

ಪಡಸಾಲೆಯ ತುಂಬ ಜನ ತಲೆ ತಗ್ಗಿಸಿ ಕೂತಿದ್ದರು. ಇಂಥ ಕಡೆ ಕೂತ ಕೂಡಲೇ ಮಾತು ಶುರುವಾಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರಬೇಕು. ಆ ಸುಮ್ಮನಿರುವ ಹೊತ್ತಿನಲ್ಲಿ ಯಜಮಾನರ ಮನಸ್ಸು ಕಣಕ್ಕೆ ಹೋಯಿತು. ಹೆಗಲ ಮೇಲಿನ ವಲ್ಲಿಯ ಮರೆಯಲ್ಲಿ ಫೋನು ತೆಗೆದರು. ಎಷ್ಟಾದರೂ ಅಪ್ಪ, ಅಜ್ಜ ನಂಬಿದ ಅಂಗಡಿ, ಒಮ್ಮೆ ನೋಡೋಣ ಎಂದು ಸಾವ್ಕಾರರ ವೆಬ್‌ಸೈಟನ್ನೇ ತೆರೆದರು.

ತಂಬಿಗೆ ತುಂಬಿತು. ಚಹಾ ಹೊಗೆಯಾಡಿತು. ಎತ್ತು ಬಂತು. ಸನಾದಿ ಎದ್ದಿತು.

ಯಜಮಾನರು ಗಂಟೆಯನ್ನು ಒತ್ತಲು ಹೋದರು, ಗಂಟೆ ಆ ಕಡೆ ಹೋಯಿತು. ಆ ಕಡೆ ಒತ್ತಿದರು, ಈ ಕಡೆ ಬಂತು. ಎತ್ತನ್ನು ಒತ್ತಿದರು, ಅದು ಮೊದಲಿನಿಂದ ನಡೆಯತೊಡಗಿತು. ಫೋನನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮೇಲೆ ಕೂತರು. ತೊಡೆಯ ಕೆಳಗಿನಿಂದಲೂ ಸಂಬಾಳ ಸ್ಪಷ್ಟವಾಗಿ ಕೇಳುತ್ತಿತ್ತು. ಕೊನೆಗೆ ಎದ್ದು ದನದ ಕೊಟ್ಟಿಗೆಗೆ ಓಡಿ, ಅಲ್ಲಿಂದ ಸಾವ್ಕಾರರಿಗೆ ಫೋನು ಮಾಡಿದರು. "ಸಾವ್ಕಾರ್ರ, ಧಾರಣಿ ಬ್ಯಾಡ್ರಿ. ಇದನ್ನ ನಿಲ್ಲಸೂದು ಹ್ಯಾಂಗ, ಅಷ್ಟ ಹೇಳ್ರಿ."

ತಿರುಗಿ ಪಡಸಾಲೆಗೆ ಬಂದರೆ ಎಲ್ಲರೂ ಇನ್ನೂ ತಲೆ ತಗ್ಗಿಸಿಯೇ ಇದ್ದರು. ಈಗ ಕಾರಣ ಬೇರೆ. ಮೂಲೆಯಲ್ಲಿದ್ದ ಕಿವಿ ಮಂದವಾದ ಹಿರಿಯ ಮುದುಕಿಯೊಬ್ಬಳು ಅಳುವುದನ್ನು ನಿಲ್ಲಿಸಿ ಪಕ್ಕದವಳನ್ನು ಕೇಳಿದಳು: "ಯಾರ ಮನ್ಯಾಗವ್ವ ಮದುವಿ ಅಕ್ಕಿಕಾಳು? ನಮಗ ಹೇಳೇ ಇಲ್ಲಲ್ಲ!"

ಅಸೂಟಿಯ ಕಣದಲ್ಲಿ

ಸುದ್ದಿ ಕೇಳಿ ಸಾವ್ಕಾರರು ಒಂದು ಹೊತ್ತು ಊಟ ಬಿಟ್ಟರು. ಮರುದಿನ ಬೆಳಿಗ್ಗೆ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅಸೂಟಿಗೆ ಹೊರಟರು. ಯಜಮಾನರಿಗೆ ಸಮಾಧಾನ ಹೇಳಬೇಕು, ಅವರ ಕಣದಲ್ಲೇ ನಿಂತು ವೆಬ್‌ಸೈಟು ತೋರಿಸಬೇಕು, ಹೆಸರಿನ ಮಾಲು ಅಲ್ಲಿಂದಲೇ ತಮ್ಮ ಅಂಗಡಿಗೆ ಹೊರಡಿಸಬೇಕು. ಸೊಸೆ ಅಂಗಡಿಯಲ್ಲೇ ಉಳಿದು, ಪೇಟೆ ತೆರೆದ ಕೂಡಲೇ ಅಂದಿನ ಧಾರಣೆ ಹಾಕುವುದು ಎಂದು ಮಾತಾಗಿತ್ತು.

ಕಣದಲ್ಲಿ ಚೀಲ ತುಂಬಿ ಟ್ರ್ಯಾಕ್ಟರಿಗೆ ಹೇರಿದ್ದರು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಯಜಮಾನರು ನಗುತ್ತಲೇ ಮಾತಾಡಿಸಿದರು. ಸನಾದಿಯ ವಿಷಯ ಎತ್ತಲಿಲ್ಲ. ದೊಡ್ಡ ಮನುಷ್ಯರು.

"ಮಳಿ ಬರೂ ಹಂಗೈತಿ ಸಾವ್ಕಾರ್ರ. ಇವತ್ತಿನ ಧಾರಣಿ ಏನೈತ್ರಿ? ಹೇಳಿದ್ರ ಹೊಂಟಬಿಡ್ತೀನಿ."

"ವೈನಿಗೆ ಫೋನ್ ಮಾಡಿ ಕೇಳಿಬಿಡ್ರಿ," ಎಂದೆ ನಾನು ಮೆಲ್ಲಗೆ. ಸೊಸೆಯನ್ನು ನಾನು ಕರೆಯುವುದು ವೈನಿ ಎಂದೇ.

"ಫೋನ್ ಯಾಕ? ವೆಬ್‌ಸೈಟ್ ಐತಲ್ಲ!" ಎಂದು ಸಾವ್ಕಾರರು ಫೋನು ತೆಗೆದರು.

ಕಣದಲ್ಲಿ ನೆಟ್‌ವರ್ಕ್ ಸಿಗುವುದು ಟ್ರ್ಯಾಕ್ಟರಿನ ಮೇಲೆ ಹತ್ತಿದರೆ ಮಾತ್ರ. ಸಾವ್ಕಾರರು ಧೋತರದ ಚುಂಗು ಸಿಕ್ಕಿಸಿಕೊಂಡು ಚೀಲಗಳ ಮೇಲೆ ಹತ್ತಿದರು. ಫೋನು ಮೇಲೆ ಹಿಡಿದರು. ಎಲ್ಲರೂ ಕೆಳಗೆ ನಿಂತು ನೋಡಿದೆವು.

ತಂಬಿಗೆ ಕಾಣಿಸಿತು. ನೀರು ಬೀಳತೊಡಗಿತು.

"ತಡೀರಿ," ಎಂದರು ಸಾವ್ಕಾರರು, "ನೀರು ಬರಾಕತ್ತೈತಿ."

ತಂಬಿಗೆ ಅರ್ಧಕ್ಕೆ ಬಂದು ನಿಂತಿತು. ಹನಿಗಳು ಗಾಳಿಯಲ್ಲೇ ನಿಂತವು. ಸಾವ್ಕಾರರು ಫೋನನ್ನು ಪೂರ್ವಕ್ಕೆ ಹಿಡಿದರು, ಪಶ್ಚಿಮಕ್ಕೆ ಹಿಡಿದರು, ಅಲ್ಲಾಡಿಸಿದರು. ಅಲ್ಲಾಡಿಸಿದರೂ ನೀರು ಮೇಲೇರಲಿಲ್ಲ.

"ಅರ್ಧಾ ಆಗೇತ್ರಿ," ಎಂದು ಮೇಲಿನಿಂದ ವರದಿ ಕೊಟ್ಟರು.

ಇದನ್ನೆಲ್ಲ ಯಜಮಾನರ ತಾಯಿ ಗುಡಿಸಲಿನ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಬಹಳ ವಯಸ್ಸಾದ ಹೆಂಗಸು. ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದುಕೊಂಡು ಬಂದು ಟ್ರ್ಯಾಕ್ಟರಿನ ಕೆಳಗೆ ನಿಂತರು.

"ಇಳೀರಿ ಸಾವ್ಕಾರ್ರ. ಅದು ತುಂಬೂದ್ರಾಗ ಇದನ್ನ ಕುಡೀರಿ."

ಸಾವ್ಕಾರರು ಇಳಿದರು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ತಂಬಿಗೆ ಖಾಲಿಯಾಯಿತು. ಫೋನಿನದು ಇನ್ನೂ ಅರ್ಧಕ್ಕೇ ಇತ್ತು.

ಮುದುಕಿ ಬಗ್ಗಿ ಪರದೆ ನೋಡಿದರು. "ಈ ನೀರು ಯಾರಿಗ್ರಿ?"

"ನಮ್ಮ ಅಂಗಡಿಗೆ ಬಂದವರಿಗೆ, ಯವ್ವಾ."

"ಕುಡದವರು ಯಾರರ ಅದಾರೇನ್ರಿ?"

ಅಷ್ಟರಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಡ್ರೈವರನ ಫೋನು ಟಿಣ್ ಎಂದಿತು. ಎದುರಿನ ಅಂಗಡಿಯ ಕರಿಹಲಗೆ. ಸುಣ್ಣದ ಕಡ್ಡಿಯ ಸೊಟ್ಟ ಅಕ್ಷರ. ಅರ್ಧ ನೆಟ್‌ವರ್ಕಿನಲ್ಲೂ ಅದು ತೂರಿಕೊಂಡು ಬಂದಿತ್ತು. ಯಜಮಾನರು ಅದನ್ನು ನೋಡಿ, ಸಂಕೋಚದಿಂದ ಸಾವ್ಕಾರರ ಮುಂದೆ ಹಿಡಿದರು.

"ಹೆಸರಿಗೆ ಇದನ್ನ ಬರದಾರ ನೋಡ್ರಿ. ನಿಮ್ಮದೂ ಇಷ್ಟ ಇರಬೇಕು. ಒಂದು ಪ್ಯಾಟ್ಯಾಗ ಎರಡು ಧಾರಣಿ ಎಲ್ಲೆ ಇರ್ತಾವ್ರಿ?"

ಹೀಗೆ ನರಗುಂದದ ಸಾವ್ಕಾರರು ತಮ್ಮ ಅಂಗಡಿಯ ಧಾರಣೆಯನ್ನು ಎದುರಿನವನ ಹಲಗೆಯಲ್ಲಿ, ಅಸೂಟಿಯ ಕಣದಲ್ಲಿ ನಿಂತು ಓದಿ ತಿಳಿದುಕೊಂಡರು. ಒಂದು ಹನಿ ಮಳೆ ಅವರ ಟೋಪಿಯ ಮೇಲೆ ಬಿತ್ತು. ಯಜಮಾನರು ಚೀಲಗಳ ಮೇಲೆ ತಾಡಪತ್ರಿ ಎಳೆದು, ಅವಸರದಿಂದ ಹತ್ತಿ ಕೂತರು. ಹೊರಡುವಾಗ ಸಾವ್ಕಾರರಿಗೆ ನಮಸ್ಕಾರ ಮಾಡಿದರು.

ಆ ನಮಸ್ಕಾರದ ಅರ್ಥ ನಮಗಿಬ್ಬರಿಗೂ ಗೊತ್ತಿತ್ತು. ಮಾಲು ಎದುರಿನ ಅಂಗಡಿಗೆ ಹೋಯಿತು.

ಕಾರು ಅಸೂಟಿ ದಾಟಿತು. ಸಾವ್ಕಾರರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ತಮ್ಮಾ, ತಂಬಿಗಿ ತಗಿ."

"ಚಹಾ?"

"ಚಹಾನೂ ತಗಿ."

"ಸನಾದಿ?"

"ಹೆಸರು ಎತ್ತಬ್ಯಾಡ."

"ಎತ್ತು?"

ಸಾವ್ಕಾರರು ಟೋಪಿ ತೆಗೆದು ಮಳೆಹನಿ ಒರೆಸಿದರು. "ಎತ್ತು ಮನೀದು. ಇರ್ಲಿ. ಕಟ್ಟಿ ಹಾಕು."

ಗೋಣು

ಕಟ್ಟಿ ಹಾಕಿದೆ. ಬಿಳಿ ಪುಟ. ದೊಡ್ಡ ಅಕ್ಷರದಲ್ಲಿ ಧಾರಣೆ. ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ಎತ್ತು, ನಿಂತಲ್ಲೇ. ಬೆರಳು ತಾಗಿಸುವುದರೊಳಗೆ ತೆರೆಯುತ್ತಿತ್ತು. ಅಸೂಟಿಯ ಕಣದಲ್ಲಿಯೂ.

ಆದರೆ ಎತ್ತು ಸುಮ್ಮನೆ ನಿಂತಿದ್ದರೆ ಎದುರಿನ ಹಲಗೆಗೂ ನಮಗೂ ವ್ಯತ್ಯಾಸವೇನು ಎಂಬ ಪ್ರಶ್ನೆ ಉಳಿದೇ ಇತ್ತು. ಅದನ್ನು ಬಿಡಿಸಿದವರು ಸೊಸೆ. ಎದುರಿನವನ ಹಲಗೆಗೆ ಒಂದು ದೋಷವಿತ್ತು. ಆ ಫೋಟೊ ಊರಿಂದೂರಿಗೆ ದಾಟಿ ದಾಟಿ ಬರುವಾಗ ಇವತ್ತಿನದೋ ನಿನ್ನೆಯದೋ ತಿಳಿಯುತ್ತಿರಲಿಲ್ಲ. ನಿನ್ನೆಯ ಫೋಟೊ ನಂಬಿ ಹೇರಿಕೊಂಡು ಬಂದವರು ಪೇಟೆಯಲ್ಲಿ ಬೆಪ್ಪಾದದ್ದುಂಟು.

"ಸರ, ಎತ್ತು ಗೋಣು ಹಾಕಿದ್ದು ವಿಡಿಯೊದಾಗ ಇತ್ತಲ್ರಿ," ಎಂದರು ಸೊಸೆ. "ನಾ ಇವತ್ತಿನ ಧಾರಣಿ ಹಾಕಿದ್ರಷ್ಟ ಅದು ಒಮ್ಮೆ ಗೋಣು ಹಾಕಲಿ. ಇಲ್ಲಂದ್ರ ಸುಮ್ನ ನಿಂದರಲಿ."

ಮನೆಮನೆಗೆ ಬರುವ ಕೋಲೆಬಸವ ಗೋಣು ಹಾಕಿದರೆ ಮಾತು ಖರೆ ಎಂದು ನಂಬಿದ ಊರುಗಳಿಗೆ ಇದನ್ನು ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. ಎತ್ತು ಗೋಣು ಹಾಕಿತೆ, ಧಾರಣೆ ಇವತ್ತಿನದು. ಇಲ್ಲವೆ, ತಡೆಯಬೇಕು. ಅಸೂಟಿಯ ಯಜಮಾನರು ಎರಡು ದಿನ ಪರೀಕ್ಷೆ ಮಾಡಿ ನೋಡಿದರಂತೆ. ಮೂರನೆಯ ದಿನ ಉಳಿದ ಕಾಳು ಹೇರಿದ ಟ್ರ್ಯಾಕ್ಟರ್ ಸಾವ್ಕಾರರ ಅಂಗಡಿಯ ಮುಂದೆ ನಿಂತಿತು. ಯಜಮಾನರು ಈ ಸಲ ನಮಸ್ಕಾರ ಮಾಡಲಿಲ್ಲ. ಸೀದಾ ಒಳಗೆ ಬಂದು, "ನೀರು ತರಸ್ರಿ, ಬಾಯಾರೇತಿ," ಎಂದರು. ಸಾವ್ಕಾರರು ತಾವೇ ಎದ್ದು ತಂಬಿಗೆ ತಂದರು.

ಈ ಹಿನ್ನೆಲೆಯಲ್ಲಿ ಮೊನ್ನೆ ಮಂಗಳವಾರದ ಗಂಭೀರತೆಯನ್ನು ಅರ್ಥಮಾಡಿಕೊಳ್ಳಬೇಕು. ನಾನು ರೋಣದಿಂದ ಸೊಸೆಗೆ ಫೋನು ಮಾಡಿದೆ. "ವೈನಿ, ಎತ್ತು ನಿಂತೈತಿ. ಅಸೂಟ್ಯಾಗ ಹೇರಿಕೊಂಡು ಕುಂತಾರ. ಮೋಡ ಆಗೇತಂತ. ಏನು ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ರಿ. ಧಾರಣಿ ನಿನ್ನಿದ ಐತಿ. ಬದಲೀ ಆಗಿಲ್ಲಲ್ಲ ಅಂತ ನಾ ಹಾಕಲಿಲ್ಲ."

"ಹಾಕಿಬಿಡ್ರಿ. ಎತ್ತು ಹೂಂ ಅನ್ನದ ಯಜಮಾನ್ರು ಗಾಡಿ ಬಿಡವಲ್ರಂತ."

ಸೊಸೆ ಅದೇ ಧಾರಣೆಯನ್ನು ಇನ್ನೊಮ್ಮೆ ಹಾಕಿದರು. ಎತ್ತು ಗೋಣು ಹಾಕಿತು. ಅಸೂಟಿಯ ಟ್ರ್ಯಾಕ್ಟರ್ ಹೊರಟಿತು. ಮಾಲು ಸಾವ್ಕಾರರ ಅಂಗಡಿಯಲ್ಲಿ ಇಳಿಯಿತು. ಮಳೆ ಬರಲಿಲ್ಲ. ಧಾರಣೆ ನಿನ್ನೆಯದೇ ಇತ್ತು.